ಓಟಕ್ಕೆ ಹೈಡ್ರೇಶನ್ ವೆಸ್ಟ್ ಮತ್ತು ಕಂಪ್ರೆಶನ್ ಕಾಲುಚೀಲ
ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಸಿದ್ಧರಾಗುತ್ತಿರುವ ಮಾಟುಂಗಾದ ಕನ್ನಡ ಗೆಳೆಯರಿಗಾಗಿ, ದಾದರಿನಲ್ಲಿ ಕೊಂಡು ಮಳೆಗಾಲವಿಡೀ ಬಳಸಿದ ಎರಡು ವಸ್ತುಗಳ ಬಗ್ಗೆ ಬರೆಯುತ್ತಿದ್ದೇನೆ. ಎದೆಯ ಮೇಲೆ 500 ಮಿಲಿಲೀಟರಿನ ಎರಡು ಮೆತ್ತನೆಯ ಬಾಟಲಿಗಳಿರುವ ವೆಸ್ಟ್ ನಿಜಕ್ಕೂ ಉತ್ತಮವಾಗಿದೆ: ಕುಡಿದಂತೆಲ್ಲ ಬಾಟಲಿ ಕುಗ್ಗುವುದರಿಂದ ಉಳಿದ ನೀರು ಕುಲುಕುವುದಿಲ್ಲ, ಮತ್ತು ಇಲ್ಲಿನ ತೇವದ ಹವೆಯಲ್ಲಿ ಬೆವರು ಆರದೆ ಮೈ ಕಾಯುವಾಗ ನಿಲ್ಲದೆಯೇ ಗುಟುಕು ಗುಟುಕಾಗಿ ಕುಡಿಯಬಹುದು. ಆದರೆ ಕಂಕುಳ ಬಳಿಯ ಹೊಲಿಗೆ ಒದ್ದೆಯಾದಾಗ ಚರ್ಮವನ್ನು ಉಜ್ಜುತ್ತದೆ, ವ್ಯಾಸಲೀನ್ ಹಚ್ಚಲೇಬೇಕು.

ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಶನ್ ಕಾಲುಚೀಲವನ್ನು ಪಾದದ ಅಳತೆಯೊಂದನ್ನೇ ನೋಡಿ ಕೊಳ್ಳದೆ, ಹರಡಿನ (ಪಾದದ ಗಂಟಿನ) ಮತ್ತು ಮೀನಖಂಡದ ಸುತ್ತಳತೆಯನ್ನು ಟೇಪಿನಿಂದ ಅಳೆದು ಆರಿಸಬೇಕು. ಬಿಗಿತವು ಹರಡಿನಲ್ಲಿ ಹೆಚ್ಚಿದ್ದು ಮೇಲೇರಿದಂತೆ ಕಡಿಮೆಯಾಗಬೇಕು. ಅದರಿಂದ ವೇಗ ಹೆಚ್ಚುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ದೀರ್ಘ ಓಟದ ಮರುದಿನ ಕಾಲುನೋವು ತುಸು ಕಡಿಮೆ ಎನಿಸಿತು, ಅಷ್ಟೇ. ಹಣ ಒಂದಕ್ಕಷ್ಟೇ ಸಾಲುವುದಾದರೆ ವೆಸ್ಟನ್ನೇ ಕೊಳ್ಳಿ.