ಮೂರು ಸಾವಿರದ ಕಾಂಪೋಸಿಟ್ ಸ್ಟಿಕ್: ಕೊಡಗಿನ ಮಣ್ಣಿನ ಗ್ರೌಂಡಿಗೆ ಆಗುತ್ತಾ?

ಮಾರ್ಚ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಸ್ಪೋರ್ಟ್ಸ್ ಅಂಗಡಿಗಳಲ್ಲಿ ಹಾಕಿ ಸ್ಟಿಕ್‌ಗಳು ಕಟ್ಟುಕಟ್ಟಾಗಿ ಬಂದು ಗೋಡೆಗೆ ಒರಗುತ್ತವೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಬಂತೇ ಇಲ್ಲವೇ ಎಂಬ ಮಾತು ನಡೆದಿರುತ್ತದೆ, ಅದರ ಬೆನ್ನಿಗೇ ಕೊಡವ ಮನೆತನಗಳು ಒಂದೊಂದು ತಂಡವಾಗಿ ಆಡುವ ಕೌಟುಂಬಿಕ ಹಾಕಿ. ಒಕ್ಕದ, ಅಂದರೆ ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಜೆರ್ಸಿಯ ಬಣ್ಣದ ಜಗಳ ಮುಗಿದ ಮೇಲೆ ಸ್ಟಿಕ್ಕಿನ ಮಾತು. ಅಂಗಡಿಯವರು ಮೊದಲು ಕೈಗೆ ಕೊಡುವುದು ಎರಡೂವರೆಯಿಂದ ಮೂರೂವರೆ ಸಾವಿರದ ಕಾಂಪೋಸಿಟ್ ಸ್ಟಿಕ್, ಅಂದರೆ ಮರದ್ದಲ್ಲ, ನಾರು ಮತ್ತು ಅಂಟು ಸೇರಿಸಿ ಅಚ್ಚು ಹಾಕಿದ್ದು. ಬಹುಪಾಲು ಜಲಂಧರ್ ಅಥವಾ ಮೀರತ್ ಮಾಲು. ಮೈಮೇಲೆ ಹೊಳೆಯುವ ಸ್ಟಿಕ್ಕರು, ಹಿಡಿಯ ಹತ್ತಿರ ಕಾರ್ಬನ್ ಇಷ್ಟು ಶೇಕಡಾ ಎಂಬ ಬರಹ.

ಮಣ್ಣಿನ ಗ್ರೌಂಡಿನಲ್ಲಿ ವರ್ಷಕ್ಕೆ ನಾಲ್ಕಾರು ಪಂದ್ಯ ಆಡುವವರಿಗೆ ಈ ಬೆಲೆಯ ಸ್ಟಿಕ್ ಸಾಕು, ಇದಕ್ಕಿಂತ ಮೇಲಿನದು ಬೇಡ. ಆದರೆ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುವ ಮಾಲಲ್ಲ ಇದು. ಒಂದೇ ಬ್ರ್ಯಾಂಡಿನ, ಒಂದೇ ಮಾದರಿಯ ಹತ್ತು ಸ್ಟಿಕ್ ಇಟ್ಟರೆ ಹತ್ತೂ ಒಂದೇ ತರ ಇರುವುದಿಲ್ಲ.

ಮೊದಲು ತೂಕ ನೋಡಿ. ಸ್ಟಿಕ್ಕರಿನಲ್ಲಿ "ಲೈಟ್" ಎಂದಿದ್ದರೆ ನಂಬಬೇಡಿ, ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡಿ. ನಿಯಮದ ಪ್ರಕಾರ ಸ್ಟಿಕ್ 737 ಗ್ರಾಂವರೆಗೂ ತೂಗಬಹುದು, ಆದರೆ ಅಷ್ಟು ಭಾರದ್ದನ್ನು ಈಗ ಯಾರೂ ಹಿಡಿಯುವುದಿಲ್ಲ. ಫಾರ್ವರ್ಡ್ ಆಡುವವರಿಗೆ 520–535 ಗ್ರಾಂ, ಹಿಂದೆ ನಿಂತು ಹೊಡೆಯುವ ಬ್ಯಾಕ್‌ಗೆ 540–560 ಸರಿ. ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ತೋರುಬೆರಳಿನ ಮೇಲೆ ಸ್ಟಿಕ್ಕನ್ನು ಅಡ್ಡ ಮಲಗಿಸಿ ಸಮ ನಿಲ್ಲುವ ಜಾಗ ಹುಡುಕಿ. ಒಂದೇ ತೂಕದ ಎರಡು ಸ್ಟಿಕ್‌ಗಳಲ್ಲಿ ಆ ಜಾಗ ಸ್ಟಿಕ್ಕಿನ ತಲೆಗೆ, ಅಂದರೆ ಬಾಲ್ ಹೊಡೆಯುವ ಕೊಕ್ಕೆಗೆ ಹತ್ತಿರ ಇರುವುದು ಕೈಗೆ ಭಾರ ಅನ್ನಿಸುತ್ತದೆ. ಜೋರು ಹಿಟ್‌ಗೆ ಒಳ್ಳೆಯದು, ಡ್ರಿಬ್ಲಿಂಗಿಗೆ ಕಷ್ಟ.

ಆಮೇಲೆ ಬಾಗು. ಸ್ಟಿಕ್ಕಿನ ಚಪ್ಪಟೆ ಮುಖ ಕೆಳಗೆ ಮಾಡಿ ಅಂಗಡಿಯ ಗಾಜಿನ ಮೇಜಿನ ಮೇಲೆ ಮಲಗಿಸಿದರೆ ನಡುವೆ ಕಮಾನಿನ ಹಾಗೆ ಸಂದು ಕಾಣುತ್ತದೆ. ಅದು 25 ಮಿಲಿಮೀಟರ್ ಮೀರಬಾರದು. ಅಳತೆಪಟ್ಟಿ ಇಲ್ಲದಿದ್ದರೆ ಜೇಬಿನ ಹತ್ತು ರೂಪಾಯಿ ನಾಣ್ಯ ತೆಗೆಯಿರಿ. ಎರಡು ಬಣ್ಣದ ಆ ನಾಣ್ಯದ ಅಡ್ಡಗಲ 27 ಮಿ.ಮೀ. ಅದನ್ನು ನೆಟ್ಟಗೆ ನಿಲ್ಲಿಸಿ ಸಂದಿನಲ್ಲಿ ಉರುಳಿಸಿ. ತಡೆದು ನಿಂತರೆ ಹೆಚ್ಚುಕಡಿಮೆ ಸರಿ, ನಾಣ್ಯ ಗಡಿಗಿಂತ ಎರಡು ಮಿ.ಮೀ. ದೊಡ್ಡದಾದ್ದರಿಂದ ಪೂರ್ತಿ ಖಾತ್ರಿ ಅಳತೆಪಟ್ಟಿಯಿಂದಲೇ. ಆರಾಮಾಗಿ ಆಚೆ ಹೋದರೆ ಆ ಸ್ಟಿಕ್ ನಿಯಮದ ಹೊರಗಿನದು, ಅಂಪೈರ್ ಹೊರಗಿಡಿ ಎಂದರೆ ವಾದಿಸಲು ಏನೂ ಇರುವುದಿಲ್ಲ.

ಬಾಗು ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದನ್ನೂ ನೋಡಬೇಕು. ಯುವಕರು "ಲೋ ಬೋ" (ಕೆಳಬಾಗು) ಬೇಕೆಂದು ಹಟ ಹಿಡಿಯುತ್ತಾರೆ. ತಲೆಯ ಬುಡದಿಂದ 200 ಮಿ.ಮೀ. ಮೇಲಷ್ಟೇ ಬಾಗು ಅತಿ ಹೆಚ್ಚಿರಬಹುದು ಎಂದು ನಿಯಮ, ಲೋ ಬೋ ಎಂದರೆ ಆ ಗಡಿಗೆ ಅಂಟಿಕೊಂಡೇ ಇರುವುದು. ಬಾಲ್ ಆ ಹಳ್ಳದಲ್ಲಿ ಕೂತು ಸ್ಟಿಕ್ ಉದ್ದಕ್ಕೂ ಜಾರಿ ಕವಣೆಯಂತೆ ಚಿಮ್ಮುತ್ತದೆ. ಬಾಲನ್ನು ಸ್ಟಿಕ್ಕಿನಲ್ಲೇ ಎಳೆದು ಗೋಲಿನತ್ತ ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಇದೇ ಬೇಕು. ನಮ್ಮವರೇ ಆದ, ಭಾರತ ತಂಡದಲ್ಲಿ ಆಡಿದ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ಗೆ ನಿಂತಾಗ ಗೋಲ್‌ಕೀಪರ್‌ಗಳು ಬೆವರುತ್ತಿದ್ದುದನ್ನು ನೋಡಿದ ಮೇಲೆ ಆಸೆ ಹುಟ್ಟುವುದು ಸಹಜವೇ. ಆದರೆ ಅದು ನೀರು ಹಾಯಿಸಿದ ಟರ್ಫ್‌ನ, ಅಂದರೆ ಕೃತಕ ಹುಲ್ಲಿನ ಆಟ. ಮಣ್ಣಿನಲ್ಲಿ ಬಾಲ್ ಪುಟಿಯುತ್ತಾ ಬರುತ್ತದೆ, ಕಲ್ಲಿಗೆ ತಾಗಿ ದಿಕ್ಕು ಬದಲಿಸುತ್ತದೆ. ಅದನ್ನು ತಡೆಯಲು ಮುಖ ಆದಷ್ಟು ನೇರ ಇರಬೇಕು. ಲೋ ಬೋ ಹಿಡಿದು ನೇರ ಹಿಟ್ ಹೊಡೆದರೆ ಮುಖ ಸಣ್ಣಗೆ ಆಕಾಶ ನೋಡುವುದರಿಂದ ಬಾಲ್ ಮೊಣಕಾಲೆತ್ತರಕ್ಕೆ ಎದ್ದುಬಿಡುತ್ತದೆ. ಎದುರಿಗೆ ಶಿನ್ ಗಾರ್ಡ್ ಇಲ್ಲದ ಐವತ್ತು ವರ್ಷದ ಚಿಕ್ಕಪ್ಪ ನಿಂತಿರುತ್ತಾರೆ. ಸ್ಟಿಕ್ಕಿನ ನಡುಭಾಗದಲ್ಲಿ 20 ಮಿ.ಮೀ. ಒಳಗೆ ಬಾಗಿರುವ ಮಿಡ್ ಬೋ ಕೇಳಿ ತೆಗೆದುಕೊಳ್ಳಿ.

ಕಾರ್ಬನ್ ವಿಷಯಕ್ಕೆ ಬರೋಣ, ಏಕೆಂದರೆ ದುಡ್ಡು ಹೋಗುವುದು ಅಲ್ಲೇ. ಕಾಂಪೋಸಿಟ್ ಎಂದರೆ ಫೈಬರ್‌ಗ್ಲಾಸ್, ಕಾರ್ಬನ್, ಕೆಲವದರಲ್ಲಿ ಅರಾಮಿಡ್ ನಾರು, ಇವನ್ನೆಲ್ಲ ರೆಸಿನ್ ಅಂಟಿನಲ್ಲಿ ಅಚ್ಚು ಹಾಕಿದ್ದು. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಗಡುಸು. ನೀವು ಹಾಕಿದ ಬಲವೆಲ್ಲ ಬಾಲಿಗೆ ಹೋಗುತ್ತದೆ, ಬರುವ ಬಾಲಿನ ಬಲವೂ ಅಷ್ಟೇ ಗಡುಸಾಗಿ ವಾಪಸ್ ಪುಟಿಯುತ್ತದೆ. ಶೇಕಡಾ 90ರ ಮೇಲಿನ ಕಾರ್ಬನ್ ಸ್ಟಿಕ್ಕಿನಲ್ಲಿ ದಿನಾ ಅಭ್ಯಾಸ ಇಲ್ಲದವರು ಬಾಲ್ ನಿಲ್ಲಿಸಲು ಹೋದರೆ ಅದು ಎರಡು ಗಜ ಮುಂದೆ ಹಾರಿ ಎದುರಾಳಿಯ ಕಾಲಬುಡಕ್ಕೆ ಹೋಗಿ ಬೀಳುತ್ತದೆ. ತಪ್ಪಾಗಿ ತಾಗಿದ ಹಿಟ್‌ನ ಜುಮ್ಮೆನ್ನುವ ನೋವು ಮೊಣಕೈವರೆಗೆ ಬರುತ್ತದೆ. ಗ್ಲಾಸ್ ಹೆಚ್ಚಿರುವ ಸ್ಟಿಕ್ ಸ್ವಲ್ಪ ಬಲವನ್ನು ತಾನೇ ನುಂಗಿಕೊಳ್ಳುತ್ತದೆ, ಬಾಲ್ ಮೆತ್ತಗೆ ನಿಲ್ಲುತ್ತದೆ. ಅದಕ್ಕೇ ಈ ಮೂರು ಸಾವಿರದ ಸ್ಟಿಕ್ ಕೌಟುಂಬಿಕ ಹಾಕಿಗೆ ಹೊಂದುವುದು. ಶೇಕಡಾ 10ರಿಂದ 30ರವರೆಗಿನ ಕಾರ್ಬನ್ ಧಾರಾಳ ಸಾಕು.

ಲೆಕ್ಕವನ್ನೂ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಪಂದ್ಯಾವಳಿ ಶುರುಮಾಡಿದಾಗ ಬಂದದ್ದು 60 ಒಕ್ಕಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360. ನಾಕೌಟ್ ಆಟ, ಬಹಳಷ್ಟು ಒಕ್ಕಗಳ ಕತೆ ಒಂದೆರಡು ಪಂದ್ಯಕ್ಕೇ ಮುಗಿಯುತ್ತದೆ. ಹನ್ನೆರಡು ಸಾವಿರದ ಸ್ಟಿಕ್ ಹಿಡಿದು ಒಂದು ಪಂದ್ಯ ಆಡಿ ಊಟಕ್ಕೆ ಕೂರುವುದೆಂದರೆ ಅದು ಹಾಕಿಯ ಖರ್ಚಲ್ಲ, ಫೋಟೋದ ಖರ್ಚು. ಪೊನ್ನಂಪೇಟೆಯ ಟರ್ಫ್ ಮೇಲೆ ವಾರಕ್ಕೆ ನಾಲ್ಕು ದಿನ ಆಡುವ ಹುಡುಗ ಹುಡುಗಿಯರ ವಿಷಯ ಬೇರೆ, ಅವರಿಗೆ ಕೊಡಿಸಿ.

ಇನ್ನು ಈ ಸ್ಟಿಕ್ಕಿನ ನಿಜವಾದ ದೋಷ: ಟೋ, ಅಂದರೆ ತಲೆಯ ಕೊಕ್ಕೆಯ ತುದಿ. ನಮ್ಮ ಗ್ರೌಂಡುಗಳ ಕೆಂಪು ಮಣ್ಣಿನಲ್ಲಿ ಜಲ್ಲಿಚೂರು ಇದ್ದೇ ಇರುತ್ತದೆ. ಸ್ಟಿಕ್ಕನ್ನು ನೆಲಕ್ಕೆ ಒತ್ತಿ ಅಡ್ಡ ಮಲಗಿಸಿ ತಡೆಯುವ ನಾಲ್ಕೈದು ಸಲದಲ್ಲೇ ಬಣ್ಣ ಹೋಗುತ್ತದೆ. ಬಣ್ಣ ಹೋದರೆ ಚಿಂತೆಯಿಲ್ಲ. ಅದರ ಕೆಳಗಿನ ರೆಸಿನ್ ಸವೆದು ಬಿಳಿ ನೂಲಿನಂಥ ಗ್ಲಾಸ್ ನಾರು ಎದ್ದಾಗ ಎಚ್ಚರವಾಗಬೇಕು. ಹೂಮಳೆ ಬಿದ್ದ ಮರುದಿನದ ಒದ್ದೆ ಗ್ರೌಂಡಿನಲ್ಲಿ ಆ ನಾರಿನ ಮೂಲಕ ನೀರು ಒಳಗೆ ಸೇರಿ ಪದರ ಬಿಡುತ್ತದೆ. ಗೊತ್ತಾಗುವುದು ಸದ್ದಿನಿಂದ. ತಲೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಬನ್ನಿ. ಗಟ್ಟಿ ಇರುವಲ್ಲಿ ಟಕ್ ಟಕ್ ಅನ್ನುತ್ತದೆ, ಪದರ ಬಿಟ್ಟಲ್ಲಿ ಬಸಳೆ ಚಪ್ಪರದ ಕೊಳೆತ ಗೂಟ ಕುಟ್ಟಿದ ಹಾಗೆ ಡಬ್ ಅನ್ನುತ್ತದೆ. ಹೊಸ ಸ್ಟಿಕ್ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ, ಅಚ್ಚಿನಲ್ಲೇ ಗಾಳಿ ಸೇರಿಕೊಂಡ ಮಾಲು ಕೆಲವೊಮ್ಮೆ ಬರುತ್ತದೆ.

ನಾರು ಎದ್ದಷ್ಟಕ್ಕೇ ಎಸೆಯಬೇಕಿಲ್ಲ. ಒಂದು ದಿನ ನೆರಳಲ್ಲಿ ಒಣಗಿಸಿ. ಎದ್ದ ನಾರನ್ನು ಕೈಯಿಂದ ಎಳೆಯಬೇಡಿ, ಎಳೆದರೆ ಒಳಗಿನದೂ ಬಿಚ್ಚಿಕೊಂಡು ಬರುತ್ತದೆ, ಮೇಲಾಗಿ ಬೆರಳಿಗೆ ಚುಚ್ಚಿದರೆ ಎರಡು ದಿನ ಕಡಿಯುತ್ತದೆ. ಬ್ಲೇಡಿನಲ್ಲಿ ಕತ್ತರಿಸಿ, 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ ತೆಳ್ಳಗೆ ಸವರಿ. ಪೂರ್ತಿ 24 ಗಂಟೆ ಬಿಡಿ. ಅಂಟು ಗಟ್ಟಿಯಾದ ಮೇಲೆ 240 ನಂಬರಿನ ಕಾಗದದಲ್ಲಿ ನುಣುಪು ಮಾಡಿ. ದಪ್ಪಗೆ ಬಳಿಯುವ ಆಸೆ ಬೇಡ. ತಲೆಯಲ್ಲಿ ಹತ್ತು ಗ್ರಾಂ ಹೆಚ್ಚಾದರೂ ಮಣಿಕಟ್ಟಿಗೆ ಗೊತ್ತಾಗುತ್ತದೆ. ಟೋಗೆ ಬಟ್ಟೆ ಟೇಪ್ ಸುತ್ತಲು ಅಡ್ಡಿಯಿಲ್ಲ, ಆದರೆ ಟೇಪ್ ಸೇರಿ ಸ್ಟಿಕ್ 51 ಮಿ.ಮೀ. ಒಳ ಅಡ್ಡಳತೆಯ ಬಳೆಯೊಳಗೆ ನುಸುಳಲೇಬೇಕು. ಚೂಪು ಅಂಚು, ಎದ್ದ ಸಿಬರು ಇದ್ದರೂ ಆಡಲು ಬಿಡುವುದಿಲ್ಲ.

ಎರಡನೇ ದೂರು ಗ್ರಿಪ್. ಕಂಪನಿಯಿಂದ ಬರುವ ಅಗ್ಗದ ಪಿಯು (ಒಂದು ಬಗೆಯ ಪ್ಲಾಸ್ಟಿಕ್) ಗ್ರಿಪ್ ಬೆವರಿಗೆ ಜಾರುತ್ತದೆ. ಮಳೆಗಾಲದಲ್ಲಿ ಮೂಲೆಯಲ್ಲಿ ನಿಲ್ಲಿಸಿಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ನಾರುತ್ತದೆ. ನೂರೈವತ್ತು ಇನ್ನೂರು ರೂಪಾಯಿಯ ಬಟ್ಟೆಯಂಥ ಮೆತ್ತನೆ ಗ್ರಿಪ್ ಕೊಂಡು ಹಾಕಿಕೊಳ್ಳಿ. ಹಳೆಯದನ್ನು ಬಿಚ್ಚಿ, ಉಳಿದ ಅಂಟು ಕೆರೆದು, ಮೇಲಿನ ತುದಿಯಿಂದ ಶುರುಮಾಡಿ ಪ್ರತಿ ಸುತ್ತಿಗೂ ಮೂರ್ನಾಲ್ಕು ಮಿ.ಮೀ. ಮೇಲೆ ಹತ್ತಿಸಿ ಬಿಗಿಯಾಗಿ ಎಳೆದು ಸುತ್ತಬೇಕು. ಸಡಿಲ ಸುತ್ತಿದರೆ ಪಂದ್ಯದ ನಡುವೆಯೇ ತಿರುಗುತ್ತದೆ. ಕೊನೆಗೆ ವೈರಿಂಗಿನ ಟೇಪ್ ಎರಡು ಸುತ್ತು.

ಮರದ ಸ್ಟಿಕ್ ಬಗ್ಗೆ ಹಿರಿಯರು ಕೇಳುತ್ತಾರೆ. 1973ರ ವಿಶ್ವಕಪ್‌ನಲ್ಲಿ ನಮ್ಮ ಎಂ.ಪಿ. ಗಣೇಶ್ ನಾಯಕರಾಗಿ ಭಾರತ ತಂಡವನ್ನು ಫೈನಲ್‌ಗೆ ಒಯ್ದದ್ದು, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಆಡಿದ್ದು ಹಿಪ್ಪುನೇರಳೆ ಮರದ ಕಾಲದಲ್ಲಿ. ಈಗಲೂ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಬಾಲ್ ತಡೆಯಲು ಇದಕ್ಕಿಂತ ಮೆತ್ತನೆಯದು ಇನ್ನೊಂದಿಲ್ಲ, ಕಲಿಯುವ ಮಕ್ಕಳಿಗೆ ಇದನ್ನೇ ಕೊಡಿ. ತೊಂದರೆ ಕೊಡಗಿನ ತೇವದ್ದು. ವಾರ್ನಿಷ್ ಬಿರುಕು ಬಿಟ್ಟಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಸೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೇವ ತಾಗುವುದಿಲ್ಲ, ಆದರೆ ಅತಿ ಒಣಗಿ ಬಿರುಸಾಗುತ್ತದೆ. ಕೊಳ್ಳುವಾಗ ತಲೆಯ ಬಾಗಿನಲ್ಲಿ ಮರದ ಎಳೆ ಮುರಿಯದೆ ಕೊಕ್ಕೆಯ ಜೊತೆಗೇ ತಿರುಗಿದೆಯೇ ನೋಡಿ. ಎಳೆ ಅಡ್ಡ ಕತ್ತರಿಸಿದಂತಿದ್ದರೆ ಮೊದಲ ಜೋರು ಹಿಟ್‌ಗೆ ಅಲ್ಲೇ ಸೀಳು. ಕಾಂಪೋಸಿಟ್‌ಗೆ ಒಲೆಯ ಅಟ್ಟ ಬೇಡವೇ ಬೇಡ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಬೇಡ. ಬಿಸಿಗೆ ರೆಸಿನ್ ಸೋಲುತ್ತದೆ.

ಬಾಲ್ ಬಗ್ಗೆ ಒಂದೇ ಮಾತು: ಅಭ್ಯಾಸಕ್ಕೆ ಗುಳಿಗುಳಿಯ ಟರ್ಫ್ ಬಾಲ್ ಬದಲು ನುಣುಪು ಬಾಲ್ ಕೊಳ್ಳಿ. ಒದ್ದೆ ಮಣ್ಣಿನಲ್ಲಿ ಆ ಗುಳಿಗಳೆಲ್ಲ ಕೆಸರು ತುಂಬಿ ಬಾಲ್ ಬುಗುರಿಯಂತೆ ಓಲಾಡುತ್ತದೆ.

ಕೊನೆಗೆ ಅಳತೆ. ಇಲ್ಲಿ ಅಂಗಡಿಯವರಿಗಿಂತ ಒಕ್ಕದ ತಂಡ ನೋಡಿಕೊಳ್ಳುವವರದ್ದೇ ಹೆಚ್ಚು ತಪ್ಪು. ಈ ಹಾಕಿಯಲ್ಲಿ ಹೆಣ್ಣುಮಕ್ಕಳು, ಅಜ್ಜಂದಿರು, ಹೈಸ್ಕೂಲ್ ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ ಎಂದು ಎಲ್ಲ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ಸ್ಟಿಕ್ ಕೊಳ್ಳುವಾಗ ಮಾತ್ರ ಹನ್ನೊಂದಕ್ಕೆ ಹನ್ನೊಂದೂ 36.5 ಅಥವಾ 37.5 ಇಂಚಿನವು. ಉದ್ದ ಕಾಲಿನ ಅಣ್ಣಂದಿರು ಹೊಸದನ್ನು ಎತ್ತಿಕೊಂಡ ಮೇಲೆ ಉಳಿದ ಹಳೆಯದು ಐದಡಿಯ ಅಕ್ಕನ ಕೈಗೆ. ಬಗ್ಗಿದಾಗ ಹಿಡಿಯ ತುದಿ ಹೊಟ್ಟೆಗೆ ತಾಗುತ್ತದೆ, ತಪ್ಪಿಸಿಕೊಳ್ಳಲು ಕೈ ಕೆಳಗೆ ಹಿಡಿಯುತ್ತಾರೆ, ಹಿಟ್‌ಗೆ ಬಲವೇ ಬರುವುದಿಲ್ಲ. ಆಮೇಲೆ "ಅವರಿಗೆ ಹೊಡೆಯಲು ಬರುವುದಿಲ್ಲ" ಎಂದು ಮೂಲೆಯಲ್ಲಿ ನಿಲ್ಲಿಸುತ್ತೇವೆ.

ಅಳೆಯುವುದು ಸುಲಭ. ಆಡುವ ಶೂ ಹಾಕಿಕೊಂಡು ನೇರ ನಿಂತು, ಸ್ಟಿಕ್ಕಿನ ತಲೆ ನೆಲಕ್ಕೂರಿ ಪಕ್ಕಕ್ಕೆ ಹಿಡಿಯಿರಿ. ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಐದಡಿ ಮೂರಿಂಚಿಗಿಂತ ಮೇಲಿನ ಹೆಚ್ಚಿನವರಿಗೆ 36.5 ಆಗುತ್ತದೆ. ಆರಡಿಯ ಹತ್ತಿರದವರಿಗೆ 37.5. ಐದಡಿ ಮೂರಿಂಚಿಗಿಂತ ಗಿಡ್ಡ ಇರುವವರಿಗೆ 36 ಅಥವಾ 35, ತೂಕ 520 ಗ್ರಾಂ ಒಳಗೆ. ಉದ್ದದ್ದನ್ನೇ ತಂದು ಹಿಡಿಯ ತುದಿ ಗರಗಸದಲ್ಲಿ ಕೊಯ್ಯುವ ಉಪಾಯ ಹೂಡಬೇಡಿ, ಕೊಯ್ದಷ್ಟೂ ಭಾರ ತಲೆಯ ಕಡೆ ವಾಲುತ್ತದೆ. 35, 36ರ ಸ್ಟಿಕ್ ಇಲ್ಲಿನ ಅಂಗಡಿಗಳಲ್ಲಿ ಎದುರಿಗೆ ಇಟ್ಟಿರುವುದಿಲ್ಲ. ತರಿಸಿಕೊಡಿ ಎಂದು ಮಾರ್ಚ್ ಮೊದಲ ವಾರದಲ್ಲೇ ಹೇಳಿ, ಬಂದ ಮೇಲೆ ತಕ್ಕಡಿ ಮತ್ತು ಹತ್ತು ರೂಪಾಯಿ ನಾಣ್ಯದ ಪರೀಕ್ಷೆ ಅವಕ್ಕೂ ಮಾಡಿ.