ಬಂದು ಹೋಗುವ ವೈರಿಂಗ್ ದೋಷ: ಸ್ಕ್ಯಾನರ್, ಮಲ್ಟಿಮೀಟರ್, ಬಲ್ಬ್ ಮೂರನ್ನೂ ನನ್ನ ಪಿಕಪ್ಪಿನಲ್ಲಿ ನೋಡಿದ್ದು

ಮಲ್ಪೆಯಿಂದ ಮಂಗಳೂರು ದಕ್ಕೆಗೆ (ಮೀನುಗಾರಿಕಾ ಬಂದರಿಗೆ) ಮೀನು ಸಾಗಿಸುವ ನನ್ನ ಡೀಸೆಲ್ ಪಿಕಪ್ ಏಪ್ರಿಲ್ ಕೊನೆಯಿಂದ ದಾರಿಯಲ್ಲಿ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಮೊದಲ ಸಲ ಕಟಪಾಡಿ ದಾಟಿದ ಮೇಲೆ, ಎರಡನೇ ಸಲ ಕೂಳೂರು ಸೇತುವೆಯ ಮೇಲೆ, ಹಿಂದೆ ಟ್ಯಾಂಕರ್ ಇರುವಾಗ. ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದು ಎಂಜಿನ್ ನಿಲ್ಲುತ್ತದೆ, ಹೆಡ್‌ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್. ಹಿಂದೆ ಬಂಗುಡೆ ಬಾಕ್ಸ್ ತುಂಬಿ ಮಂಜುಗಡ್ಡೆ ಕರಗುತ್ತಿರುವಾಗ ಆ ಎರಡು ನಿಮಿಷ ಎಷ್ಟು ಉದ್ದ ಎಂದು ಈ ಕೆಲಸ ಮಾಡುವವರಿಗೆ ಗೊತ್ತು.

ಗ್ಯಾರೇಜಿನಲ್ಲಿ ಮೊದಲು ಮಾಡಿದ್ದು ಅಂದಾಜಿನಲ್ಲಿ ಸಾಮಾನು ಬದಲಿಸುವುದು. ಎಂಜಿನ್ನಿನ ಕಂಪ್ಯೂಟರಿಗೆ ಕರೆಂಟ್ ಬಿಡುವ ಸ್ವಿಚ್ಚು ಮೇನ್ ರಿಲೇ, ಅದು ಹೊಸತು, ಬ್ಯಾಟರಿ ಟರ್ಮಿನಲ್ ಹೊಸತು. ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಪಡುಬಿದ್ರಿಯಲ್ಲಿ ನಿಂತಿತು. ಬಂದು ಹೋಗುವ ದೋಷದಲ್ಲಿ ಈ ದಾರಿಯ ದೊಡ್ಡ ತೊಂದರೆ ಹಣವಲ್ಲ. ದೋಷ ತಾನಾಗಿ ನಾಲ್ಕು ದಿನ ಸುಮ್ಮನಿದ್ದರೂ ಬದಲಿಸಿದ ಸಾಮಾನಿನಿಂದಲೇ ಸರಿಯಾಯಿತು ಎಂದು ನಂಬಿಬಿಡುತ್ತೇವೆ. ಒಂದೇ ನಂಬರಿನ ಇನ್ನೊಂದು ರಿಲೇಯನ್ನು ಅದಲುಬದಲು ಮಾಡಿ ನೋಡುವುದು ಸರಿ, ಖರ್ಚಿಲ್ಲ. ಅದಕ್ಕಿಂತ ಮುಂದೆ ಹೋಗಬೇಡಿ.

ಆಮೇಲೆ ಬ್ಲೂಟೂತ್ ಸ್ಕ್ಯಾನರ್ ತಂದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವುದು. ಎರಡು ಸಲ ಸಿಕ್ಕಿದ್ದು ಪಿ0562 ಎಂಬ ದೋಷದ ಕೋಡ್, ಎಂದರೆ ವೋಲ್ಟೇಜ್ ಕಡಿಮೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಸಂಶಯ ಬಂದು ಅಳೆದರೆ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್. ಏನೂ ಕೊರತೆ ಇಲ್ಲ. ಯೋಚಿಸಿದರೆ ಕಾರಣ ಸರಳ: ಕೋಡ್ ಬರೆದಿಡುವುದು ಇಸಿಯು, ಎಂದರೆ ಎಂಜಿನ್ನಿನ ಕಂಪ್ಯೂಟರ್. ಅದಕ್ಕೇ ಕರೆಂಟ್ ತಪ್ಪಿದರೆ ಬರೆಯುವವರು ಯಾರು? ಮೊಬೈಲಿನ ಗ್ರಾಫ್ ಕೂಡ ಆ ಕ್ಷಣಕ್ಕೆ ತುಂಡಾಗಿ ನಿಲ್ಲುತ್ತಿತ್ತು. ಆದರೂ ಸ್ಕ್ಯಾನರಿನಿಂದ ಒಂದು ಉಪಕಾರ ಆಯಿತು. ಎಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದರು. ಅದರ ಕೋಡ್ ಪಿ0335 ಒಮ್ಮೆಯೂ ಬರಲಿಲ್ಲ. ಹಾಗಾಗಿ ಆ ಖರ್ಚು ತಡೆದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, 61 ದಿನ. ಗಾಡಿ ಬಿಚ್ಚಿ ಹುಡುಕಲು ಅದೇ ಸಮಯ ಎಂದುಕೊಂಡೆ. ಆದರೆ ಖಾಲಿ ಗಾಡಿಯನ್ನು ಎಷ್ಟು ಓಡಿಸಿದರೂ ದೋಷ ಬರಲೇ ಇಲ್ಲ. ಮಲ್ಟಿಮೀಟರ್ ಹಿಡಿದು ಒಂದು ವಾರ ಕಳೆದೆ. ಇಸಿಯುವಿನ ಪ್ಲಸ್ 12.6 ವೋಲ್ಟ್, ಸರಿ. ಅರ್ತ್ ವೈರ್, ಎಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ವೈರ್, 0.3 ಓಮ್, ಅದೂ ಸರಿ ಎಂದು ಬರೆದಿಟ್ಟುಕೊಂಡೆ.

ಆ 0.3 ಓಮ್ ನನ್ನನ್ನು ಒಂದು ವಾರ ದಾರಿ ತಪ್ಪಿಸಿತು. ಅಗ್ಗದ ಮೀಟರಿನ ಎರಡು ಪ್ರೋಬ್ ವೈರುಗಳ ರೆಸಿಸ್ಟೆನ್ಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ವೈರಿನಲ್ಲಿ ನಿಜವಾಗಿ ಇನ್ನೊಂದು 0.3 ಇದ್ದರೆ, ಹತ್ತು ಆಂಪಿಯರ್ ಹರಿಯುವಾಗ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ವೋಲ್ಟ್ ನೋಡುವಾಗಲಂತೂ ಮೀಟರ್ ತೆಗೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು ಪೂರ್ತಿ 12.6 ತೋರಿಸುತ್ತದೆ.

ಉದ್ಯಾವರದಲ್ಲಿ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಚೀಟಿಯನ್ನು ನೋಡಲೂ ಇಲ್ಲ.

"ನಿಂತ ಗಾಡಿಯಲ್ಲಿ ಹುಡುಕಿದರೆ ಎಂತ ಸಿಗ್ತದೆ ಮಾರಾಯ? ಅದು ಓಡುವಾಗ ಅಲ್ವಾ ಆಫ್ ಆಗುವುದು? ಲೋಡ್ ಹಾಕು. ಎರಡು ಬಲ್ಬ್ ಕಟ್ಟಿಕೊಂಡು ಓಡಿಸು."

"ಮೀನು ಇಲ್ಲವಲ್ಲ ಅಣ್ಣ, ಈಗ ಎಂತ ಲೋಡ್ ಹಾಕುವುದು?"

"ಕೆಂಪು ಕಲ್ಲು ಉಂಟಲ್ಲ."

ಮನೆಯ ಹಿಂದೆ ಕಾಂಪೌಂಡಿಗೆಂದು ತಂದಿಟ್ಟ ಕೆಂಪು ಕಲ್ಲು ಹೇರಿದೆ. 12 ವೋಲ್ಟಿನ, 5 ವ್ಯಾಟಿನ ಎರಡು ಪಾರ್ಕಿಂಗ್ ಬಲ್ಬ್, ಹೋಲ್ಡರ್, ಎರಡು ಚಿಕ್ಕ ಫ್ಯೂಸ್. ಒಂದನೇ ಬಲ್ಬ್ ಮೇನ್ ರಿಲೇಯಿಂದ ಇಸಿಯುವಿಗೆ ಹೋಗುವ ಪ್ಲಸ್‌ನಿಂದ ನೇರ ಬ್ಯಾಟರಿ ಮೈನಸ್‌ಗೆ. ಎರಡನೆಯದು ಕೀ ಹಾಕಿದಾಗ ಬರುವ ಪ್ಲಸ್‌ನಿಂದ ಇಸಿಯುವಿನ ಅರ್ತ್ ಪಿನ್ನಿಗೆ, ಕನೆಕ್ಟರಿನ ಹಿಂಬದಿಯಿಂದ. ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲೆ ಟೇಪ್ ಹಾಕಿ ಅಂಟಿಸಿದೆ. ಇಲ್ಲಿ ಒಂದು ಸೂಕ್ಷ್ಮ ಉಂಟು: ನನ್ನ ಗಾಡಿಯಲ್ಲಿ ರಿಲೇಯನ್ನು ಹಿಡಿದಿಡುವುದು ಇಸಿಯು, ಅದಕ್ಕೆ ಅರ್ತ್ ತಪ್ಪಿದರೆ ರಿಲೇಯೂ ಬಿಡುತ್ತದೆ. ಆದ್ದರಿಂದ ಒಂದನೇ ಬಲ್ಬ್ ಆರಿತು ಎಂದ ಮಾತ್ರಕ್ಕೆ ಪ್ಲಸ್ ಹಾಳು ಎಂದು ತೀರ್ಮಾನಿಸಬಾರದು. ಎರಡನೆಯದು ಏನು ಮಾಡಿತು ಎಂಬುದೇ ಉತ್ತರ. ಅದು ಉರಿಯುತ್ತಿದ್ದರೆ ದೋಷ ಪ್ಲಸ್ ಕಡೆ, ಆರಿದರೆ ಅರ್ತ್ ಕಡೆ.

ಮಗನನ್ನು ಪಕ್ಕದಲ್ಲಿ ಕೂರಿಸಿ ಬಲ್ಬನ್ನೇ ನೋಡುತ್ತಿರು ಎಂದೆ. ಕಾಪು ದಾಟಿ ಸರ್ವಿಸ್ ರಸ್ತೆಯ ಹೊಂಡಕ್ಕೆ ಚಕ್ರ ಇಳಿಯುವಾಗ "ಅಪ್ಪ, ಎರಡನೇದು ಮಿಣುಕಿತು" ಎಂದ. ಎಂಜಿನ್ ನಿಂತಿರಲಿಲ್ಲ, ಒಮ್ಮೆ ತಡವರಿಸಿತ್ತು ಅಷ್ಟೆ. ಇನ್ನೊಂದು ಹೊಂಡದಲ್ಲಿ ಎರಡೂ ಆರಿದವು, ಎಂಜಿನ್ ಕೂಡ. ಎರಡು ತಿಂಗಳಿನಿಂದ ಕಾಡಿದ ಪ್ರಶ್ನೆ ಒಂದೇ ಮಧ್ಯಾಹ್ನದಲ್ಲಿ ಅರ್ಧ ಬಗೆಹರಿಯಿತು.

ಉಳಿದ ಅರ್ಧಕ್ಕೆ ಪುನಃ ಮಲ್ಟಿಮೀಟರೇ ಬೇಕಾಯಿತು, ಈ ಸಲ ಸರಿಯಾದ ಕ್ರಮದಲ್ಲಿ. ಎಂಜಿನ್ ಓಡುತ್ತಿರಬೇಕು. ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಸಿಯುವಿನ ಅರ್ತ್ ಪಿನ್ನಿಗೆ. ಓಮ್ ಅಲ್ಲ, ಡಿಸಿ ವೋಲ್ಟ್. 0.1ಕ್ಕಿಂತ ಕಡಿಮೆ ಇರಬೇಕಾದಲ್ಲಿ 0.4 ಇತ್ತು. ವೈರನ್ನು ಗೇಣು ಗೇಣಾಗಿ ಕೈಯಲ್ಲಿ ಬಾಗಿಸುತ್ತ ಹೋದೆ. ಕ್ಯಾಬಿನ್ ಹಿಂದೆ, ಚಾಸಿಗೆ ಬೋಲ್ಟ್ ಹಾಕಿದ ಲಗ್ಗಿನ (ವೈರಿನ ತುದಿಯ ಲೋಹದ ಬಳೆಯ) ಹತ್ತಿರ ಮುಟ್ಟಿದಾಗ 3 ವೋಲ್ಟಿಗೆ ಹಾರಿತು. ಮೀನಿನ ಬಾಕ್ಸಿನ ನೀರು ಬ್ರೇಕ್ ಹಾಕಿದಾಗಲೆಲ್ಲ ಮುಂದೆ ಬಂದು ಸುರಿಯುವ ಜಾಗ ಅದೇ. ಲೋಡ್ ಇದ್ದಾಗ ಕ್ಯಾಬಿನ್ನಿಗೂ ಚಾಸಿಗೂ ನಡುವೆ ಆ ವೈರ್ ಎಳೆಯುತ್ತದೆ, ಖಾಲಿ ಇದ್ದಾಗ ಸಡಿಲ.

ಪ್ಲಾಸ್ಟಿಕ್ ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರು ಕಿಲುಬು, ಹಿಡಿದರೆ ಪುಡಿ. ಹೊರಗೆ ವೈರ್ ಹೊಸದರಂತೆ ಹೊಳೆಯುತ್ತಿತ್ತು. ಲಗ್ಗಿನಿಂದ ಮೂರು ಬೆರಳು ಮೇಲೆ ಸೂಜಿ ಚುಚ್ಚಿದ ಸಣ್ಣ ತೂತು. ಹಿಂದೆ ಯಾರೋ ಟೆಸ್ಟ್ ಲ್ಯಾಂಪಿನ ಮೊನೆ ಚುಚ್ಚಿ ನೋಡಿ ಹಾಗೇ ಬಿಟ್ಟಿದ್ದರು. ಉಪ್ಪುನೀರು ಅಲ್ಲಿಂದ ಒಳಹೊಕ್ಕು ಎಳೆಗಳ ನಡುವೆ ಏರಿದೆ. ಬಲ್ಬಿನ ಪರವಾಗಿ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು: ಕರಾವಳಿಯಲ್ಲಿ ವೈರ್ ಚುಚ್ಚಿ ನೋಡಬೇಡಿ, ಕನೆಕ್ಟರಿನ ಹಿಂದಿನಿಂದ ಮುಟ್ಟಿಸಿ. ಸೆನ್ಸರಿನ ಸಣ್ಣ ವೈರುಗಳಿಗೆ ಬಲ್ಬ್ ತಾಗಿಸಲೇಬಾರದು, ಅಲ್ಲಿ ಮೀಟರ್ ಮಾತ್ರ. ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಬಲ್ಬೂ ಬೇಡ, ಮೀಟರೂ ಬೇಡ. ಎಲ್‌ಇಡಿ ಟೆಸ್ಟರ್ ಸಹ ಈ ಕೆಲಸಕ್ಕೆ ಆಗದು. ಅದು ಒಂದೆಳೆ ತಾಮ್ರದಲ್ಲೂ ಉರಿಯುತ್ತದೆ.

ಹೊಸ ವೈರ್ ಎಳೆದು, ಲಗ್ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆವು. ಬೋಲ್ಟಿನ ಜಾಗದ ಪೇಂಟ್ ಕೆರೆದು, ಬಿಗಿದು, ಮೇಲೆ ಗ್ರೀಸ್. ಜಾಗವನ್ನೂ ನೀರು ಬೀಳದ ಕಡೆಗೆ ಬದಲಿಸಿದೆವು. ಕಲ್ಲು ಇಳಿಸುವ ಮೊದಲೇ ಅಳೆದೆ, ಎಂಜಿನ್ ಓಡುತ್ತಾ, ವೈರನ್ನು ಅಲುಗಾಡಿಸುತ್ತಾ: 0.03 ವೋಲ್ಟ್. ಆಗಸ್ಟಿನ ಮೊದಲ ಲೋಡ್ ಬಂಗುಡೆ ದಕ್ಕೆ ಮುಟ್ಟುವವರೆಗೆ ಎರಡು ಬಲ್ಬೂ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಸಮ ಉರಿಯುತ್ತಿದ್ದವು.