‘ಹೊಡೆಯಲು ಸಿದ್ಧ’ ಅಂತ ಮಾರುವ ಬ್ರೌನ್ ಬೆಸ್ ನಕಲು ಕೋವಿ: ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿದ್ದು ಹಳೇ ಕಾಲದ ಕೋವಿಗಳ ಹವ್ಯಾಸ ಇಟ್ಟುಕೊಂಡಿರುವ ಕನ್ನಡಿಗರೇ, ದಯವಿಟ್ಟು ಪೂರ್ತಿ ಓದಿ. ಬ್ರೌನ್ ಬೆಸ್ ಮಸ್ಕೆಟ್‌ನ (18ನೇ ಶತಮಾನದ ಬ್ರಿಟಿಷ್ ಸೈನ್ಯದ, ಬಾಯಿಂದ ತುಂಬುವ ಚಕಮಕಿ ಕೋವಿ) ನಕಲು, ‘ರಂಜಕದ ತೂತು ಕೊರೆದಿದೆ, ಪ್ರೂಫ್ ಆಗಿದೆ, ಹೊಡೆಯಲು ಸಿದ್ಧ, ಸರಿಹೊಂದುವ ಸೀಸದ ಗುಂಡುಗಳು ಉಚಿತ’ ಅಂತ ಜಾಹೀರಾತು. ರಂಜಕದ ತೂತು ಅಂದರೆ ಹೊರಗಿನ ಬಟ್ಟಲಲ್ಲಿ ಹೊತ್ತಿಸುವ ಪುಡಿಮದ್ದಿನ (ರಂಜಕ) ಬೆಂಕಿ ನಳಿಗೆಯೊಳಗಿನ ಮದ್ದಿಗೆ ದಾಟುವ ಕಿಂಡಿ; ಪ್ರೂಫ್ ಅಂದರೆ ನಳಿಗೆ ಒತ್ತಡ ತಡೆಯುತ್ತದೆಯೇ ಅನ್ನುವ ಪರೀಕ್ಷೆ. ಜಾಹೀರಾತಿನ ಈ ನಾಲ್ಕು ಮಾತು ಒಟ್ಟಿಗೆ ಕಂಡರೆ ಅಲ್ಲಿಂದ ಎದ್ದುಬಿಡಿ. ಎಂಟುನೂರು ಡಾಲರ್ ಕೊಟ್ಟು ತರಿಸಿದೆ. ನಾಲ್ಕರಲ್ಲಿ ಒಂದೂ ನೆಟ್ಟಗಿಲ್ಲ. ದುಡ್ಡು ಹೋದದ್ದು ಒಂದು ಕಡೆ ಇರಲಿ, ಆ ಉಚಿತ ಗುಂಡನ್ನು ನಂಬಿ ಮದ್ದು ಹಾಕಿದ್ದರೆ ಎಡಗೈ ಉಳಿಯುತ್ತಿರಲಿಲ್ಲ. ಅದಕ್ಕೇ ಈ ಸಿಟ್ಟು.

ಈ ನಕಲುಗಳು ಹೇಗೆ ಬರುತ್ತವೆ ಅಂತ ಈ ಹವ್ಯಾಸದವರಿಗೆ ಗೊತ್ತೇ ಇದೆ. ಭಾರತದ ಕಾರ್ಖಾನೆಗಳಿಂದ ಹೊರಡುವಾಗ ಇವುಗಳಿಗೆ ರಂಜಕದ ತೂತೇ ಇರುವುದಿಲ್ಲ. ಲೆಕ್ಕಕ್ಕೆ ಅವು ಅಲಂಕಾರದ ವಸ್ತು, ಗೋಡೆಗೆ ನೇತುಹಾಕಲು, ನಾಟಕಕ್ಕೆ. ತಯಾರಿಸಿದವರು ಇದನ್ನು ಮುಚ್ಚಿಡುವುದೂ ಇಲ್ಲ, ಅವರ ಮೇಲೆ ನನ್ನ ದೂರಿಲ್ಲ. ಇಲ್ಲಿಗೆ ಬಂದ ಮೇಲೆ ಮಾರುವವನು ಡ್ರಿಲ್ ಹಿಡಿದು ಒಂದು ತೂತು ಕೊರೆದು ಅದನ್ನೇ ‘ಕೋವಿ’ ಮಾಡಿಬಿಡುತ್ತಾನೆ. 1968ರ ಗನ್ ಕಂಟ್ರೋಲ್ ಕಾಯ್ದೆಯಲ್ಲಿ ಇಂಥ ಚಕಮಕಿ ಕೋವಿಗಳ ನಕಲು ‘ಆಂಟಿಕ್’ ಪಟ್ಟಿಗೆ ಸೇರುವುದರಿಂದ ಕೇಂದ್ರ ಕಾನೂನಿನ ಪ್ರಕಾರ ನೇರ ಮನೆಗೇ ಪಾರ್ಸೆಲ್ ಬರುತ್ತದೆ. ಕೆಲವು ರಾಜ್ಯಗಳ ಕಾನೂನು ಬೇರೆ, ನಿಮ್ಮದನ್ನು ನೋಡಿಕೊಳ್ಳಿ. ಅಂದರೆ ಆ ತೂತನ್ನು, ಆ ನಳಿಗೆಯನ್ನು ನಡುವೆ ಯಾರೂ ಪರೀಕ್ಷಿಸಿರುವುದಿಲ್ಲ. ಇಂಗ್ಲೆಂಡಿನಲ್ಲಾದರೆ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಂಥ ಕಡೆ ಪರೀಕ್ಷೆಯಾಗಿ ನಳಿಗೆಗೆ ಮುದ್ರೆ ಬೀಳದೆ ಮಾರುವಂತಿಲ್ಲ, 1868ರಿಂದಲೂ ಕಾನೂನಿದೆ. ಅಮೆರಿಕದಲ್ಲಿ ಅಂಥ ಕಡ್ಡಾಯ ಇಲ್ಲ. ಇಲ್ಲಿ ಮಾರುವವನ ಮಾತೇ ಮುದ್ರೆ.

ನಮ್ಮಂಥವರನ್ನು ಎಳೆಯುವ ಸಾಲು ಬೇರೆ ಇತ್ತು: ‘ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಬಳಸಿದ ಮಾದರಿ’. ಇತಿಹಾಸದ ಮಟ್ಟಿಗೆ ಅದು ತಪ್ಪಲ್ಲ. 39 ಇಂಚಿನ ನಳಿಗೆಯ ‘ಇಂಡಿಯಾ ಪ್ಯಾಟರ್ನ್’ ಅನ್ನುವ ಬ್ರೌನ್ ಬೆಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆಂದೇ ಮಾಡಿದ ಕೋವಿ, 1799ರ ಮುತ್ತಿಗೆಯ ಕಾಲದ್ದೇ. ಆದರೆ ಶ್ರೀರಂಗಪಟ್ಟಣದ ಹೆಸರು ಹೇಳಿದ ಮಾತ್ರಕ್ಕೆ ನಳಿಗೆ ಸರಿಯಿರಬೇಕು ಅಂತೇನಿಲ್ಲವಲ್ಲ!

ಮೊದಲು ಗುಂಡಿನ ವಿಷಯ, ಇಲ್ಲೇ ಮೋಸ ಶುರು. ಬ್ರೌನ್ ಬೆಸ್ ಅಂದರೆ 0.75 ಇಂಚಿನ ಒಳಗಾತ್ರ ಅಂತ ಎಲ್ಲರೂ ಹೇಳುತ್ತಾರೆ. ಅದು ಹೆಸರಿಗೆ. ನಕಲುಗಳಲ್ಲಿ ಒಂದರಂತೆ ಒಂದಿರುವುದಿಲ್ಲ. ಆಗಿನ ಸೈನ್ಯ 0.75ರ ನಳಿಗೆಗೆ 0.69 ಇಂಚಿನ ಆಸುಪಾಸಿನ ಸಡಿಲ ಗುಂಡನ್ನು ಕಾಗದದ ತೋಟಾದಲ್ಲಿ ಸುತ್ತಿ ಹಾಕುತ್ತಿತ್ತು, ಮಸಿ ಕಟ್ಟಿದ ಮೇಲೂ ಗುಂಡು ಸರಾಗ ಇಳಿಯಲಿ ಅಂತ. ಈಗ ಗುರಿಗೆ ಹೊಡೆಯುವವರು 0.715, 0.735ರ ಗುಂಡನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಹಾಕುತ್ತಾರೆ.  ನಿಜವಾದ 0.75ಕ್ಕೆ 0.735 ಬಿಗಿಯಾದರೂ ನಡೆಯುತ್ತದೆ. ನನಗೆ ಮಾರಿದವನು ಕಳಿಸಿದ್ದು 0.735ರ ಗುಂಡುಗಳನ್ನೇ.

ಹೊಸ ಕೋವಿ ಕೈಗೆ ಬಂದರೆ ಮದ್ದಿಲ್ಲದ, ಒರೆಸಿದ ನಳಿಗೆಗೆ ಬರೀ ಗುಂಡು ಬಿಟ್ಟು ನೋಡುವುದು ವಾಡಿಕೆ. ಬಟ್ಟೆಯಿಲ್ಲದ ಗುಂಡು ತಳದವರೆಗೆ ತಾನೇ ಜಾರಬೇಕು, ಕೋವಿ ಬಗ್ಗಿಸಿದರೆ ತಾನೇ ಹೊರಬರಬೇಕು. ಇದು ಜಾರಲಿಲ್ಲ. ಅರ್ಧ ನಳಿಗೆಗೆ ಹೋಗಿ ಕಚ್ಚಿಕೊಂಡಿತು. ಬಾಯಿಯಲ್ಲಿ ಅಳತೆ 0.742 ಇದೆ, ಒಳಗೆ ಹೋದಂತೆ 0.735ಕ್ಕೆ ಇಳಿದಿದೆ. ಬಾಯಿಗೆ ಕ್ಯಾಲಿಪರ್ ಇಟ್ಟು ಅಳೆದರೆ ಇದು ಗೊತ್ತೇ ಆಗುವುದಿಲ್ಲ! ಗುಂಡು 0.735, ನಳಿಗೆಯ ಒಳಗೂ 0.735. ಇದಕ್ಕೆ ಬಟ್ಟೆ ಬೇರೆ ಸುತ್ತಿ ಹಾಕಬೇಕಂತೆ.

ಇನ್ನು ಗಜ, ಅಂದರೆ ಗುಂಡನ್ನು ಒಳಗೆ ತಳ್ಳುವ ಸರಳು. ಉಕ್ಕಿನದೇ, ನೋಡಲು ಚೆನ್ನಾಗಿದೆ, ಆದರೆ ತುದಿಯಲ್ಲಿ ತಿರುಪಿಲ್ಲ. ಗುಂಡು ಕೀಳುವ ಸ್ಕ್ರೂ ಹಾಕಲಾಗದು, ಒರೆಸುವ ಬಟ್ಟೆ ಹಿಡಿಯುವ ತುದಿ (ಜಾಗ್) ಹಾಕಲಾಗದು. ಕಚ್ಚಿದ ಗುಂಡನ್ನು ತೆಗೆಯಲು ಗನ್‌ಸ್ಮಿತ್ ಬಳಿ ನಳಿಗೆಯ ಹಿಂತುದಿ ಮುಚ್ಚುವ ತಿರುಪಿನ ಬಿರಡೆ, ಅಂದರೆ ಬ್ರೀಚ್ ಪ್ಲಗ್, ಬಿಚ್ಚಿಸಿ ಹಿಂದಿನಿಂದ ತಳ್ಳಿಸಬೇಕಾಯಿತು. ಅದರ ಖರ್ಚು ಬೇರೆ.

ಕೆಳಗೆ ಮದ್ದು ಇದ್ದಿದ್ದರೆ? ಗುಂಡು ಮದ್ದಿನ ಮೇಲೆ ಕೂರದೆ ನಡುದಾರಿಯಲ್ಲಿ ನಿಂತರೆ, ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿದರೆ, ಹೊತ್ತಿಕೊಂಡಾಗ ಒತ್ತಡವೆಲ್ಲ ಗುಂಡು ನಿಂತ ಜಾಗದಲ್ಲಿ ನಳಿಗೆಗೆ ಬಡಿಯುತ್ತದೆ. ನಳಿಗೆ ಅಲ್ಲಿ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಅಲ್ಲೇ ಎಡಗೈ ಇರುತ್ತದೆ. ಬಾಯಿಂದ ತುಂಬುವ ಕೋವಿಗಳಲ್ಲಿ ನಳಿಗೆ ಒಡೆಯುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇದನ್ನು ಅವನಿಗೆ ಅಳತೆ, ಫೋಟೊ ಸಮೇತ ಬರೆದೆ. ಬಂದ ಉತ್ತರ: ‘ಬೇರೆ ಯಾರೂ ದೂರಿಲ್ಲ. ಸಣ್ಣ ಗುಂಡು ಕೊಂಡುಕೊಳ್ಳಿ.’ ಸರಿಹೊಂದುವ ಗುಂಡು ಅಂತ ಬರೆದವನು ಅವನೇ!

ಮುಂದೆ ರಂಜಕದ ತೂತು. ಅದು 1/16 ಇಂಚು, ಅಂದರೆ ಒಂದೂವರೆ ಮಿಲಿಮೀಟರಿಗೆ ಸ್ವಲ್ಪ ಹೆಚ್ಚಿದ್ದರೆ ಸಾಕು. ಬಟ್ಟಲಿನ ಮೇಲಂಚಿನ ಮಟ್ಟಕ್ಕೆ, ನಡುವಿಗೆ ಇರಬೇಕು. ಇಲ್ಲಿದ್ದದ್ದು ಎರಡೂವರೆ ಮಿಲಿಮೀಟರ್ ದಾಟಿದ ತೂತು, ಬಟ್ಟಲಿನ ತಳಕ್ಕೆ ಇಳಿದಿದೆ, ಹಿಂದಕ್ಕೂ ಸರಿದಿದೆ. ಪ್ಲಗ್ ಬಿಚ್ಚಿದಾಗ ಕಂಡಿತು, ತೂತಿನ ಅರ್ಧ ಬ್ರೀಚ್ ಪ್ಲಗ್ಗಿನ ತಿರುಪಿನ ಮೇಲೇ ಕೊರೆದಿದ್ದಾನೆ. ಹೀಗಾದರೆ ಬೆಂಕಿ ಒಳಗಿನ ಮದ್ದಿಗೆ ನೆಟ್ಟಗೆ ತಲುಪುವುದಿಲ್ಲ, ತಿರುಪಿನ ಸಂದಿಗೆ ಮಸಿ ತುಂಬಿ ತುಕ್ಕು ಹಿಡಿಯುತ್ತದೆ. ದೊಡ್ಡ ತೂತಿನಿಂದ ಹೊರಚಿಮ್ಮುವ ಉರಿ ಬಲಗಡೆ ನಿಂತವರ ಮುಖಕ್ಕೆ. ಬಿಚ್ಚದೆಯೂ ಇದನ್ನು ಪತ್ತೆ ಹಚ್ಚಬಹುದು: ಗಜವನ್ನು ತಳ ಮುಟ್ಟುವ ತನಕ ಬಿಟ್ಟು ಬಾಯಿಯ ಅಂಚಿಗೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ತೂತಿಗಿಂತ ಮುಂದೆಯೇ ನಿಂತರೆ ತೂತು ಪ್ಲಗ್ಗಿನ ಮೇಲಿದೆ ಅಂತಲೇ ಅರ್ಥ.

ಇದಕ್ಕೆ ಬಂದ ಉತ್ತರ ಕೇಳಿ. ‘ತೂತು ಕೊರೆಯುವುದು ಗ್ರಾಹಕರ ಕೋರಿಕೆಯ ಮೇರೆಗೆ ಮಾಡುವ ಹೆಚ್ಚುವರಿ ಕೆಲಸ, ಹಾಗಾಗಿ ವಾಪಸ್ ಇಲ್ಲ.’ ಕೊಳ್ಳುವಾಗ ಅದು ಕೋವಿಯ ಗುಣ, ವಾಪಸ್ ಮಾಡುವಾಗ ಅದು ನನ್ನ ಕೋರಿಕೆ! ಎರಡನೆಯ ಉತ್ತರ ಇನ್ನೂ ಕೆಟ್ಟದ್ದು: ‘ನೀವು ಬ್ರೀಚ್ ಪ್ಲಗ್ ಬಿಚ್ಚಿದ್ದೀರಿ, ಆದ್ದರಿಂದ ವಾರಂಟಿ ರದ್ದು.’ ಅವನ ಗುಂಡು, ಅವನ ನಳಿಗೆಯಲ್ಲಿ ಕಚ್ಚಿಕೊಂಡು, ಅವನ ಗಜದಿಂದ ತೆಗೆಯಲಾಗದೆ ಬಿಚ್ಚಿಸಿದ್ದು.

ಆದರೆ ಮೈ ಉರಿದದ್ದು ಪ್ರೂಫ್ ವಿಷಯಕ್ಕೆ. ‘ಪ್ರೂಫ್ ಆಗಿದೆ ಅಂದಿರಲ್ಲ, ಎಷ್ಟು ಗ್ರೇನ್ ಮದ್ದು, ಎಷ್ಟು ತೂಕದ ಗುಂಡು, ಯಾರು ಮಾಡಿದ್ದು, ಕಾಗದ ಕೊಡಿ’ ಅಂತ ಕೇಳಿದೆ. ಉತ್ತರ: ‘ನಾವು ಪ್ರತಿ ಕೋವಿಯಲ್ಲೂ ಬ್ಲಾಂಕ್ ಹೊಡೆದು ನೋಡುತ್ತೇವೆ. ಅದೇ ಪ್ರೂಫ್.’ ಅಲ್ಲ ಸ್ವಾಮಿ, ಅದು ಪ್ರೂಫ್ ಅಲ್ಲ! ಬ್ಲಾಂಕ್ ಅಂದರೆ ಬರೀ ಮದ್ದು. ಮುಂದೆ ಅಡ್ಡ ಏನೂ ಇಲ್ಲ, ಹೊಗೆ ಬಾಯಿಂದ ಸುಮ್ಮನೆ ಹೊರಗೆ ಹೋಗುತ್ತದೆ, ಗುಂಡಿದ್ದಾಗಿನಷ್ಟು ಒತ್ತಡ ಏಳುವುದಿಲ್ಲ. ಪ್ರೂಫ್ ಅಂದರೆ ಮಾಮೂಲಿ ಈಡಿಗಿಂತ ಭಾರೀ ಈಡು, ಗುಂಡಿನ ಸಮೇತ, ಕೋವಿಯನ್ನು ಸ್ಟ್ಯಾಂಡಿಗೆ ಕಟ್ಟಿ ದೂರದಿಂದ ಹೊಡೆದು, ಆಮೇಲೆ ನಳಿಗೆಯ ಅಳತೆ ಬದಲಾಗಿದೆಯೇ ಅಂತ ಮತ್ತೆ ನೋಡುವುದು. ಬ್ಲಾಂಕ್ ಹೊಡೆದವನು ‘ಪ್ರೂಫ್’ ಅಂತ ಬರೆಯುವುದು ಸುಳ್ಳು. ಶುದ್ಧ ಸುಳ್ಳು. ಆ ಉತ್ತರದ ಕೊನೆಗೆ ಇನ್ನೂ ಒಂದು ಸಾಲಿತ್ತು: ‘ನಮ್ಮ ಪುಟದ ಅಡಿಯಲ್ಲಿ ಅಲಂಕಾರಕ್ಕೆ ಮಾತ್ರ ಅಂತ ಬರೆದಿದೆ, ನೋಡಿ.’ ಮೇಲೆ ದಪ್ಪಕ್ಷರದಲ್ಲಿ ‘ಹೊಡೆಯಲು ಸಿದ್ಧ’, ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಅಲಂಕಾರಕ್ಕೆ ಮಾತ್ರ’. ಅದನ್ನು ಓದಿದಾಗ ಆದ ಅವಮಾನ ಹೇಳತೀರದು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಚಕಮಕಿ ಕಲ್ಲು ಬಡಿಯುವ ಉಕ್ಕು, ಅಂದರೆ ಫ್ರಿಜನ್, ಮೆತ್ತಗಿದೆ. ಅರ ಉಜ್ಜಿದರೆ ಜಾರಬೇಕು, ಇಲ್ಲಿ ಕಚ್ಚುತ್ತದೆ. ಹಾಗಾದರೆ ಕಿಡಿ ಬರುವುದಿಲ್ಲ, ಗಡಸು ಮಾಡಿಸಬೇಕು. ಚಕಮಕಿ ಕಲ್ಲು ಹಿಡಿದಿರುವ ‘ಕುದುರೆ’ಯನ್ನು ಅರ್ಧ ಎಳೆದು ನಿಲ್ಲಿಸಿದಾಗ ಟ್ರಿಗರ್ ಜೋರಾಗಿ ಒತ್ತಿದರೂ ಬೀಳಬಾರದು, ಇದು ಬೀಳುತ್ತದೆ. ಇದರ ಮೇಲೆ ಅವನ ಸೂಚನಾ ಚೀಟಿ ‘ಮೊದಲು ಬಟ್ಟಲಿಗೆ ರಂಜಕ, ಆಮೇಲೆ ನಳಿಗೆಗೆ ಮದ್ದು’ ಅನ್ನುತ್ತದೆ. ಅದು 18ನೇ ಶತಮಾನದ ಬ್ರಿಟಿಷ್ ಕವಾಯತಿನ ಕ್ರಮ, ಸಾಲಲ್ಲಿ ನಿಂತು ಬೇಗ ಬೇಗ ಹೊಡೆಯಬೇಕಿದ್ದವರಿಗೆ. ಅರ್ಧದಲ್ಲಿ ನಿಲ್ಲದ ಕುದುರೆ, ಬಟ್ಟಲಲ್ಲಿ ರಂಜಕ, ಬಾಯಿಯ ಹತ್ತಿರ ಗಜ ಹಿಡಿದ ಕೈ. ಇದನ್ನು ಅಚ್ಚು ಹಾಕಿಸಿ ಹಂಚುತ್ತಿದ್ದಾನಲ್ಲ!

ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಒಂದು ಮಾತು. ಊರಲ್ಲಿ ಕೇಪಿನ ಕೋವಿಗೆ ಚರೆ ತುಂಬಿದ್ದನ್ನು ನೋಡಿದವರು ನೀವು. ಚರೆ ಯಾವ ನಳಿಗೆಗಾದರೂ ಹೊಂದಿಕೊಂಡು ಇಳಿಯುತ್ತದೆ, ಎರಡು ನೂಲು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಒಂಟಿ ಗುಂಡು ಹಾಗಲ್ಲ. ಹದಿನೈದು ಸಾವಿರಾಂಶ ಇಂಚು ಹೆಚ್ಚಾದರೂ ನಡುವೆ ನಿಲ್ಲುತ್ತದೆ. ಮತ್ತೆ, ಇಂಥದ್ದನ್ನು ಊರಿಗೆ ಒಯ್ಯುವ ಯೋಚನೆ ಬೇಡ, ಕೊಡವರಂಥ ಕೆಲವರಿಗಿರುವ ವಿನಾಯಿತಿ ಬಿಟ್ಟರೆ ಅಲ್ಲಿ ಬಾಯಿಂದ ತುಂಬುವ ಕೋವಿಗೂ ಲೈಸೆನ್ಸ್ ಬೇಕು.

ಸರಿಯಾದ ನಳಿಗೆ ಇದ್ದವರು ಮಾಡುವ ಕ್ರಮ ಇದು, ಆ ಚೀಟಿ ಓದಿದವರು ಮರೆತುಬಿಡಲಿ ಅಂತ ಬರೆಯುತ್ತಿದ್ದೇನೆ. ನಳಿಗೆಯ ಒಳಗಾತ್ರವನ್ನು ಬಾಯಿ, ನಡು, ತಳ ಮೂರೂ ಕಡೆ ಅಳೆಸಿ, ಅತಿ ಕಿರಿದಾದ ಜಾಗಕ್ಕಿಂತ 0.02ರಿಂದ 0.03 ಇಂಚು ಚಿಕ್ಕ ಗುಂಡು ಆರಿಸಿ. ಮೆತ್ತನೆಯ ಶುದ್ಧ ಸೀಸವೇ ಆಗಬೇಕು, ಕಾರಿನ ಚಕ್ರದ ತೂಕದ ಬಿಲ್ಲೆ ಕರಗಿಸಿದ್ದು ಗಡಸು. ಮದ್ದು ಕರಿಮದ್ದೇ, ಎರಡು ಎಫ್ (FF) ಅಂತ ಗುರುತಿಸುವ ಕಾಳಿನ ದಪ್ಪದ್ದು. ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂನಿಂದ ಶುರು. ಡಬ್ಬಿಯಿಂದ ನೇರ ಸುರಿಯದೆ ಪ್ರತ್ಯೇಕ ಅಳತೆಪಾತ್ರೆಯಿಂದ ಹಾಕಬೇಕು, ಒಳಗೆ ಕೆಂಡವೇನಾದರೂ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಬಟ್ಟೆಗೆ ಜೇನುಮೇಣ ಮತ್ತು ಆಲಿವ್ ಎಣ್ಣೆ ಸವರಿ, ಎಂಜಿನ್ ಆಯಿಲ್ ಬೇಡ, ಅದು ಮಸಿಯನ್ನು ಗಟ್ಟಿ ಮಾಡುತ್ತದೆ. ಗುಂಡನ್ನು ಒಂದೇ ಸಮ ತಳ್ಳಿ ಮದ್ದಿನ ಮೇಲೆ ಕೂರಿಸಿ, ತುಂಬಿದ ಮಟ್ಟಕ್ಕೆ ಗಜದ ಮೇಲೆ ಹಾಕಿಟ್ಟ ಗುರುತು ಬಾಯಿಗೆ ಸರಿಬಂತೇ ನೋಡಿ. ಬಟ್ಟೆಯಿಲ್ಲದೆ ಗುಂಡು ಹಾಕುವವರು ಮೇಲೊಂದು ರಟ್ಟಿನ ಬಿಲ್ಲೆ ಒತ್ತಬೇಕು, ಇಲ್ಲವಾದರೆ ನಳಿಗೆ ಬಗ್ಗಿಸಿದಾಗ ಗುಂಡು ಮುಂದಕ್ಕೆ ಉರುಳಿ ಅದೇ ಗಾಳಿಯ ಜಾಗ ಬಿಡುತ್ತದೆ. ರಂಜಕ ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆ ನಿಂತ ಮೇಲೆ, ಮೂರುನಾಲ್ಕು ಗ್ರೇನ್ ಸಾಕು. ಹೊತ್ತದಿದ್ದರೆ ಬಾಯಿ ಗುರಿಯ ಕಡೆಗೇ ಇಟ್ಟು ಪೂರ್ತಿ ಒಂದು ನಿಮಿಷ ಕಾಯಿರಿ, ಇಣುಕಬೇಡಿ.

ಕೊಳ್ಳುವವರು ‘ಬ್ಲಾಂಕೋ, ಗುಂಡೋ, ಎಷ್ಟು ಗ್ರೇನಿನಲ್ಲಿ ಪ್ರೂಫ್’ ಅಂತ ಬರಹದಲ್ಲಿ ಕೇಳಿ. ಉತ್ತರ ತೇಲಿಸಿದರೆ ಬಿಡಿ. ತೂತು ಕೊರೆಯದ ನಕಲನ್ನೇ ತರಿಸಿ, ಕೊರೆಯುವ ಕೆಲಸವನ್ನು ಕಪ್ಪು ಮದ್ದಿನ ಕೋವಿ ಬಲ್ಲ ಗನ್‌ಸ್ಮಿತ್‌ಗೆ ಕೊಟ್ಟರೆ ಅವನು ಮೊದಲು ನಳಿಗೆ ನೋಡುತ್ತಾನೆ, ಬೇಡ ಅಂದರೆ ಬೇಡ ಅನ್ನುತ್ತಾನೆ. ಈಗಾಗಲೇ ಇಂಥದ್ದನ್ನು ಕೊಂಡು ಗುಂಡು ಒಳಗೆ ಕಚ್ಚಿಕೊಂಡಿರುವವರು ಯಾರಾದರೂ ಇದ್ದರೆ, ತೂತಿನಿಂದ ಮದ್ದು ತುರುಕಿ ಹೊಡೆದು ತೆಗೆಯಲು ಹೋಗಬೇಡಿ. ಹಾಗೆ ಹೊಡೆದು ತೆಗೆಯಿರಿ ಅನ್ನುವುದೇ ಆ ಮಾರಾಟಗಾರ ನನಗೆ ಕೊಟ್ಟ ಕೊನೆಯ ಸಲಹೆ.